ನೀರು ಹೊತ್ತ ಗಾಡಿ

ಗಾಜಿನ ಅಂಗಡಿ ನಡೆಸುವ ಆ ಮನೆಯಲ್ಲಿ ಗಾಡಿ ಏರಿದ ಗಾಜನ್ನು ಗಾಜು ಎನ್ನುತ್ತಿರಲಿಲ್ಲ, ನೀರು ಎನ್ನುತ್ತಿದ್ದರು. ಅಂಗಡಿಯ ಮೇಜಿನ ಮೇಲೆ ಮಲಗಿರುವಾಗ ಅದು ಗಾಜೇ. ಅಳೆಯುವಾಗ, ಕೊಯ್ಯುವಾಗ, ಅಂಚು ತಿಕ್ಕುವಾಗಲೂ ಗಾಜೇ. ಇಬ್ಬರು ಎರಡು ಬದಿ ಹಿಡಿದೆತ್ತಿ ಪಿಕಪ್ ಗಾಡಿಯ ಮರದ ಚೌಕಟ್ಟಿಗೆ ಒರಗಿಸಿದ ಕೂಡಲೇ ಅದರ ಹೆಸರು ಬದಲಾಗುತ್ತಿತ್ತು. "ನೀರಿದೆ, ನೋಡ್ಕೊಂಡು" ಎಂದು ಒಬ್ಬರು ಹೇಳಿದರೆ ಉಳಿದವರು ದಾರಿ ಬಿಟ್ಟು ನಿಲ್ಲಬೇಕು. ಒಡೆಯಿತು ಎಂಬ ಮಾತು ಹೊಸಿಲೊಳಗೆ ಸಲ್ಲದು. ಗಾಜಿನ ಹಾಳೆ ದಾರಿಯಲ್ಲಿ ಚೂರುಚೂರಾದರೂ "ಚೆಲ್ಲಿತು" ಎನ್ನಬೇಕು. ಈ ಪದ್ಧತಿ ಹಾಕಿಕೊಟ್ಟವರು ಈಗಿನ ಯಜಮಾನರ, ಅಂದರೆ ಸೊಸೆಗೆ ಮಾವನಾದವರ, ತಂದೆ. ಅವರ ಕೈಕೆಳಗೆ ಕೆಲಸ ಕಲಿತು ಬೇರೆ ಊರುಗಳಲ್ಲಿ ಅಂಗಡಿ ಇಟ್ಟವರೂ ಇದೇ ಮಾತು ಆಡುತ್ತಿದ್ದರು. ಎಲ್ಲಿಯೋ ಸಿಕ್ಕ ಗಾಡಿಯವನೊಬ್ಬ "ನೀರು ತರ್ತಿದೀನಿ" ಎಂದರೆ ಸಾಕು, ಮಾವನ ಮುಖ ಬೆಳಗುತ್ತಿತ್ತು. ಅವನು ನಮ್ಮ ಮನೆಯ ವಿದ್ಯೆ ಕಲಿತವನು ಎಂದು ದಿನವಿಡೀ ಹೇಳಿಕೊಳ್ಳುತ್ತಿದ್ದರು.

ಸೊಸೆ ಮದುವೆಯಾಗಿ ಬಂದ ಹೊಸದರಲ್ಲಿ, ಹೊರಗಿನಿಂದ "ನೀರು ಬಂತು" ಎಂಬ ಕೂಗು ಕೇಳಿ ಎರಡು ಬಿಂದಿಗೆ ಹಿಡಿದುಕೊಂಡು ಬೀದಿಗೆ ಓಡಿದ್ದಳು. ಅತ್ತೆ ಆ ಸಂಗತಿಯನ್ನು ಮನೆಗೆ ಬಂದವರಿಗೆಲ್ಲ ಚಹಾದ ಜೊತೆಗೆ ಕೊಡುತ್ತಿದ್ದರು.

ಆ ವರ್ಷ ಒಂದರ ಹಿಂದೆ ಒಂದರಂತೆ ಎರಡು ತೀರ್ಪು ಬಂದವು. ಕಣ್ಣಿನ ಡಾಕ್ಟರು ಮಾವನಿಗೆ, ಇನ್ನು ಮೇಲೆ ಗಾಡಿ ಓಡಿಸುವಂತಿಲ್ಲ ಎಂದರು. ಮೆಕ್ಯಾನಿಕ್, ಈ ಗಾಡಿಯನ್ನು ಇನ್ನು ಮೇಲೆ ಯಾರೂ ಓಡಿಸುವಂತಿಲ್ಲ ಎಂದ. ಮಗ ಶಾಲೆಗೆ ಹೋಗುತ್ತಿದ್ದ ಕಾಲದಿಂದ ಗಾಜು ಹೊತ್ತ ಗಾಡಿ ಅದು. ಗುಜರಿಯವನು ಬಂದು ಎಳೆದುಕೊಂಡು ಹೋಗುವಾಗ ಮಾವ ಬೀದಿಯ ತಿರುವಿನವರೆಗೂ ಜೊತೆಗೆ ನಡೆದು ಹೋದರು. "ಏನು ಗಾಡಿ ಕಣೇ ಅದು," ಎಂದರು ಮರಳಿ ಬಂದು. "ನನ್ನ ಕೈಯಲ್ಲಿ ಇದ್ದಷ್ಟು ದಿನ ಒಂದು ಹಾಳೆ ಚೆಲ್ಲಲಿಲ್ಲ. ನಾನು ಸುಮ್ಮನೆ ಕೂತಿರ್ತಿದ್ದೆ, ಅದೇ ಹೋಗ್ತಿತ್ತು."

ಇನ್ನು ಓಡಿಸಬೇಕಾದವಳು ಸೊಸೆ. ಅವಳ ತವರಿನಲ್ಲಿ ಶಾಲೆಯ ವ್ಯಾನ್ ಇತ್ತು. ಮದುವೆಗೆ ಮೊದಲೇ ಲೈಸೆನ್ಸ್ ಮಾಡಿಸಿಕೊಂಡಿದ್ದಳು. ಮಗ ಗಾಜು ಕೂರಿಸುವುದರಲ್ಲಿ ಊರಿಗೇ ಮುಂದು, ಆದರೆ ಅವನ ಕೈ ಒರಟು ಎಂದು ಮಾವ ಅವನಿಗೆ ಸ್ಟಿಯರಿಂಗ್ ಮುಟ್ಟಲು ಬಿಟ್ಟಿರಲಿಲ್ಲ. ಅವನ ಜಾಗ ಹಿಂದೆ, ಹಾಳೆಯ ಪಕ್ಕದಲ್ಲಿ. ಹಗ್ಗ ಎಷ್ಟೇ ಬಿಗಿದರೂ ಒಬ್ಬರು ಜೊತೆಗೆ ಕೂತು ಅಂಗೈಯನ್ನು ಗಾಜಿನ ಮೇಲಿಟ್ಟಿರಬೇಕು. ಅಲುಗಿದರೆ ಕ್ಯಾಬಿನ್ನಿನ ತಗಡು ತಟ್ಟಬೇಕು. ಗಾಡಿ ದಾರಿಯಲ್ಲಿ ಮುರಿದು ಮಗುಚಿದರೆ ಆ ಹಾಳೆ ಬೀಳುವುದು ಕೂತವನ ಮೇಲೆ. ಇದು ಮನೆಯ ಎಲ್ಲರಿಗೂ ಗೊತ್ತಿತ್ತು. ಯಾರೂ ಬಾಯಿಬಿಟ್ಟು ಹೇಳಿರಲಿಲ್ಲ. ಸೊಸೆ ಹೇಳಿದಳು.

"ಹಳೇ ಗಾಡಿ ಬೇಡ ಮಾವ. ಬೇರೆಯವರು ಅದ್ರಲ್ಲಿ ಏನು ಹೊತ್ತಿದ್ರೋ, ಎಲ್ಲಿ ಗುದ್ದಿದ್ರೋ. ಹಿಂದೆ ಕೂರೋದು ನನ್ನ ಗಂಡ."

"ನನ್ನ ಮಗನೂ ಹೌದು," ಎಂದರು ಅತ್ತೆ. "ಆ ಪಾಲು ಆಮೇಲೆ ಮಾಡ್ಕೊಳ್ಳೋಣ, ಮೊದಲು ಅನ್ನ ಬಡಿಸು."

ಊಟದ ಹೊತ್ತಿನ ಈ ಜಗಳ ವಾರಗಟ್ಟಲೆ ನಡೆಯಿತು. ಹಳೆಯ ಗಾಡಿಯೇ ಸಾಕು ಎಂಬ ಮಾವನ ವಾದ, ಹೊಸದಕ್ಕೆ ಮಾಡಬೇಕಾದ ಸಾಲದ ಭಯದ್ದಷ್ಟೇ ಅಲ್ಲ. ಹೊಸ ಗಾಡಿಯ ಸ್ಪ್ರಿಂಗ್ ಪಟ್ಟಿಗಳು ಗಡಸು, ಸಣ್ಣ ಹಳ್ಳಕ್ಕೂ ಎಗರುತ್ತವೆ. ವರ್ಷಗಳ ಭಾರ ಹೊತ್ತು ಪಳಗಿದ ಗಾಡಿ ಮಾತ್ರ ಗಾಜಿಗೆ ಆಗುತ್ತದೆ ಎಂಬುದು ಅವರ ನಂಬಿಕೆ. ಪಳಗಿದ್ದೋ ಸವೆದದ್ದೋ ಎಂದು ಸೊಸೆ ಕೇಳುತ್ತಿದ್ದಳು. ಹೈಸ್ಕೂಲಿಗೆ ಹೋಗುವ ಮೊಮ್ಮಗಳು, ಎಲ್ಲರೂ ಗುಬ್ಬಿ ಎಂದು ಕರೆಯುವವಳು, ಹೊಸ ಗಾಡಿಯಲ್ಲಿ ಏಸಿ ಇರುತ್ತದೆ ಎಂದು ತನ್ನ ಮತ ಹಾಕಿದಳು. ಮಗ ಮಾತ್ರ ತಟ್ಟೆಯ ಮೇಲಿಂದ ಕಣ್ಣೆತ್ತದೆ, ಎರಡೂ ಕಡೆಯವರ ಮಾತಿಗೂ ಒಂದೇ ತರಹ ತಲೆಯಾಡಿಸುತ್ತಿದ್ದ.

"ನಿನ್ನದು ಯಾವ ಪಕ್ಷ ಹೇಳೋ," ಎಂದರು ಅತ್ತೆ.

"ಯಾವುದಾದ್ರೂ ನಾನು ಕೂರೋದು ಹಿಂದೇನೇ ಅಲ್ವಾಮ್ಮ."

ಒಂದು ಶನಿವಾರ ಎಲ್ಲರೂ ಶೋರೂಮಿಗೆ ಹೋದರು. ಒಳಗೆ ಎತ್ತರದ ದೀಪಗಳ ಕೆಳಗೆ ಬಿಳಿಯ ಪಿಕಪ್ ಒಂದು ನಿಂತಿತ್ತು. ಅದರ ಮೇಲೆ ಒಂದು ಗೀರಿಲ್ಲ, ಒಂದು ಬೆರಳ ಗುರುತಿಲ್ಲ. ಅದರ ಹೊಳಪಿನಲ್ಲಿ ಇಡೀ ಸಂಸಾರ ಉದ್ದಕ್ಕೆ ಬಾಗಿ ಮೂಡಿತ್ತು. ಗುಬ್ಬಿ ಮುಟ್ಟಲೋ ಬೇಡವೋ ಎಂದು ಕೈಯನ್ನು ಬೆನ್ನ ಹಿಂದೆ ಇಟ್ಟುಕೊಂಡಳು. ಸೊಸೆ ಮೆಟ್ಟಿಲು ಹತ್ತಿ ಒಳಗೆ ಕೂತು ಬಾಗಿಲು ಎಳೆದುಕೊಂಡಾಗ, ಹೊರಗಿನ ಸದ್ದೆಲ್ಲ ಯಾರೋ ಒರೆಸಿ ತೆಗೆದಂತೆ ನಿಂತುಹೋಯಿತು. ಸ್ಟಿಯರಿಂಗಿನ ಮೇಲೆ ಎರಡೂ ಕೈ ಇಟ್ಟುಕೊಂಡು ಅವಳು ಬಹಳ ಹೊತ್ತು ಇಳಿಯಲಿಲ್ಲ. ಯಾರೂ ಉಪಯೋಗಿಸದ ವಸ್ತುವನ್ನು ಅವಳು ಆ ಮನೆಗೆ ಬಂದ ಮೇಲೆ ಮುಟ್ಟಿದ್ದು ಅದೇ ಮೊದಲು. ಪಾತ್ರೆ, ಹಾಸಿಗೆ, ಹೊಲಿಗೆ ಮಿಷನ್ನು ಎಲ್ಲವೂ ಯಾರದೋ ಕೈದಾಟಿ ಬಂದವು.

ಮಾವ ಮಾತ್ರ ಶೋರೂಮಿನ ಮುಂಭಾಗದ ದೊಡ್ಡ ಗಾಜಿನ ಹತ್ತಿರವೇ ನಿಂತಿದ್ದರು. ಅದು ಅವರೇ ಕೂರಿಸಿದ್ದು. ಅಂಚಿನುದ್ದಕ್ಕೂ ಬೆರಳಾಡಿಸಿ, ಯಾರೋ ಕ್ಷಾರದ ಸೋಪು ಹಾಕಿ ತೊಳೆಯುತ್ತಿದ್ದಾರೆ, ಮಂಕಾಗಿದೆ ಎಂದು ಟೈ ಕಟ್ಟಿದ ಮಾರಾಟಗಾರನಿಗೆ ಬುದ್ಧಿ ಹೇಳಿದರು. ಆಮೇಲೆ ಬಂದು ಹೊಸ ಗಾಡಿಯ ಹಿಂಬದಿಗೆ ಎರಡೂ ಅಂಗೈ ಊರಿ ಮೈಭಾರವನ್ನೆಲ್ಲ ಬಿಟ್ಟು ಒತ್ತಿದರು. ಗಾಡಿ ಕದಲಲಿಲ್ಲ.

"ಕಟ್ಟಿಗೆ," ಎಂದರು. "ಇದರ ಮೇಲೆ ನೀರು ಕುಣಿಯತ್ತೆ."

ನೀರಿನ ವ್ಯಾಪಾರವೇ ಸಾರ್, ಎಂದು ಮಾರಾಟಗಾರ ಕೇಳಿದ.

ಮರುವಾರ ಮಾವ ಯಾರಿಗೂ ಹೇಳದೆ ಬಸ್ಸು ಹತ್ತಿ ಹೋದರು. ಊರಾಚೆಯ ಗ್ಯಾರೇಜೊಂದರ ಮುಂದೆ ಮಾರಾಟಕ್ಕಿದ್ದ ನೀಲಿ ಪಿಕಪ್ಪಿನ ಸುದ್ದಿ ಯಾರಿಂದಲೋ ತಿಳಿದಿತ್ತು. ಮಾರುವವರು ಅವರಷ್ಟೇ ವಯಸ್ಸಿನವರು, ತೆಳ್ಳಗೆ, ಮೆಲುದನಿಯವರು. ಮಾವ ಗಾಡಿಯ ಹಿಂಬದಿಯನ್ನು ಒತ್ತಿ ನೋಡಿದರು. ಅದು ಮೆಲ್ಲಗೆ ತಗ್ಗಿ ಮೆಲ್ಲಗೆ ಎದ್ದಿತು. ಅವರ ಮನಸ್ಸು ಅಲ್ಲಿಗೇ ಅರ್ಧ ಒಪ್ಪಿತ್ತು.

"ಏನು ಹೊರ್ತಿದ್ರಿ ಇದ್ರಲ್ಲಿ?"

"ನೀರು."

ಮಾವ ಒಂದು ಹೆಜ್ಜೆ ಹತ್ತಿರ ಬಂದರು. "ಬರೀ ನೀರಾ?"

"ಮೊದಲಿಂದ ಕೊನೇವರೆಗೂ ಅದೇ. ಬೇರೆ ಯಾವುದಕ್ಕೂ ಕೊಟ್ಟೋನಲ್ಲ ನಾನು."

"ದೊಡ್ಡದೂ ಹೊತ್ತಿದೀರಾ?"

"ಗಾಡಿ ಅಗಲಕ್ಕೆ ಹಿಡಿಯೋಷ್ಟು ದೊಡ್ಡದು."

"ಚೆಲ್ಲಿದ್ದುಂಟಾ?"

"ಶುರುವಿನಲ್ಲಿ ಚೆಲ್ಲಿದೆ. ಸುಳ್ಳು ಯಾಕೆ. ನಮ್ಮಪ್ಪ ಬಯ್ದು ಬಯ್ದು ಕಲಿಸಿದ್ರು. ಆಮೇಲೆ ಚೆಲ್ಲಲಿಲ್ಲ."

ಇನ್ನೇನು ಕೇಳುವುದಿದೆ. ಯಾವ ಅಂಗಡಿ, ಯಾವ ಊರು ಎಂದು ವಿಚಾರಿಸುವುದೂ ಮಾವನಿಗೆ ಸಣ್ಣತನವಾಗಿ ಕಂಡಿತು. ಗಾಡಿಯ ಕೆಳಗೆ ಬಗ್ಗಿ ನೋಡಲಿಲ್ಲ. ನೋಡಿದರೂ ಆ ಕಣ್ಣಿಗೆ ಕಾಣುತ್ತಿರಲಿಲ್ಲ. ಮಾರುವವರ ಕೈಯನ್ನು ತಮ್ಮ ಎರಡೂ ಕೈಯಲ್ಲಿ ಹಿಡಿದು, "ತಗೊಂಡೆ" ಎಂದು ಮಾತು ಕೊಟ್ಟು ಬಂದರು.

ಮನೆಯಲ್ಲಿ ಅಂದು ಅವರು ಊಟಕ್ಕೆ ಕೂತ ರೀತಿಯೇ ಬೇರೆ. ನಮ್ಮ ವಿದ್ಯೆಯವರು ಸಿಕ್ಕರು ಎಂದರು. ಅವರಪ್ಪ ನಮ್ಮಪ್ಪನ ಹತ್ತಿರ ಕಲಿತಿರಬೇಕು, ಮಾತಾಡುವ ವರಸೆಯೇ ಹೇಳುತ್ತಿತ್ತು ಎಂದರು. ಗಾಜು ಬಿಟ್ಟು ಬೇರೇನೂ ಹೊರದ ಗಾಡಿ ಎಂದಮೇಲೆ ಸೊಸೆಯ ವಾದಕ್ಕೆ ಕಾಲೂರಲು ಜಾಗವಿರಲಿಲ್ಲ. ಅವಳು ಪಾತ್ರೆ ಎತ್ತಿಕೊಂಡು ಹೋದಳು. ಒಳಗಿನಿಂದ ಪಾತ್ರೆಗಳ ಸದ್ದು ದಿನಕ್ಕಿಂತ ಜೋರಾಗಿ ಕೇಳಿತು.

ಭಾನುವಾರ ಮಾರುವವರೇ ಗಾಡಿ ತಂದರು. ಅಂಗಡಿಯ ಮುಂದೆ ಅದು ನಿಂತದ್ದು ಒಳಗಿದ್ದವರಿಗೆ ಗೊತ್ತಾಗಲೇ ಇಲ್ಲ, ಅಷ್ಟು ನಯವಾಗಿ ಬಂದು ನಿಂತಿತು. ಮಾವ ಹೆಮ್ಮೆಯಿಂದ ಎಲ್ಲರನ್ನೂ ಕರೆದರು. ಗುಬ್ಬಿ ಹಿಂಬದಿಗೆ ಹತ್ತಿದವಳು ಮೂಗು ಮುಚ್ಚಿಕೊಂಡಳು.

"ತಾತ, ಮೀನಿನ ವಾಸನೆ."

ಸೊಸೆ ಹತ್ತಿ ನೋಡಿದಳು. ಒಳಮೈಯ ತಗಡಿನಲ್ಲಿ ಸುತ್ತಲೂ ಬಿಳಿಯ ಉಪ್ಪುಗೆರೆ, ಸಂದಿಗಳಲ್ಲಿ ಒಣಗಿದ ಪಾಚಿ. ಗಾಜು ಒರಗಿಸುವ ಚೌಕಟ್ಟಿನ ಗುರುತು ಎಲ್ಲಿಯೂ ಇಲ್ಲ. ಅವಳು ಇಳಿದು, ಬಹಳ ಮರ್ಯಾದೆಯಿಂದ, ಇದರಲ್ಲಿ ಏನು ಸಾಗಿಸುತ್ತಿದ್ದಿರಿ ಎಂದು ಇನ್ನೊಮ್ಮೆ ಕೇಳಿದಳು.

"ಮೀನುಮರಿ ತಾಯಿ," ಎಂದರು ಅವರು. "ಮರಿ ಮಾಡೋ ಕೊಳದಿಂದ ದೊಡ್ಡ ಕೊಳಗಳಿಗೆ. ಬಾಯಿ ತೆರೆದ ತೊಟ್ಟೀಲಿ ನೀರು ತುಂಬಿ. ಯಜಮಾನರಿಗೆ ಹೇಳಿದ್ನಲ್ಲ."

ಅತ್ತೆ ಬಾಯಿಗೆ ಕೈ ಒತ್ತಿಕೊಂಡು ಒಳಗೆ ಹೋದರು. ಸೊಸೆಗೆ ತನ್ನ ಎರಡು ಬಿಂದಿಗೆಗಳು ನೆನಪಾದವು. ಆದರೆ ಮಾವನ ಮುಖ ನೋಡಿ ಅವಳಿಗೆ ನಗು ಬರಲಿಲ್ಲ. ಅವರು ಅಂಗಡಿಯ ಬೆಂಚಿನ ಮೇಲೆ ಕೂತು ತಮ್ಮ ಅಂಗೈಯನ್ನೇ ನೋಡಿಕೊಳ್ಳುತ್ತಿದ್ದರು.

ಮೀನಿನವರಿಗೆ ಚಹಾ ಕೊಟ್ಟು ಕೂರಿಸಿ, ಸೊಸೆ ಒಂದು ಸ್ಕ್ರೂಡ್ರೈವರ್ ಹಿಡಿದು ಗಾಡಿಯ ಕೆಳಗೆ ನುಸುಳಿದಳು. ಹೊರಗೆ ಬಂದಾಗ ಅವಳ ಬೊಗಸೆಯಲ್ಲಿ ತುಕ್ಕಿನ ಚಕ್ಕೆಗಳಿದ್ದವು. ಇಡೀ ಗಾಡಿಯ ಭಾರ ಹೊರುವ ಚಾಸಿಯೊಳಗೆ ಸ್ಕ್ರೂಡ್ರೈವರ್ ಹಿಡಿಯವರೆಗೂ ಇಳಿದುಹೋಗಿತ್ತು. ಅದನ್ನು ಅವಳು ಎಲ್ಲರೆದುರು ಹೇಳಲಿಲ್ಲ, ಮಾವನನ್ನು ಅಡಿಗೆಮನೆಗೆ ಕರೆದು ತೋರಿಸಿದಳು.

"ವೆಲ್ಡಿಂಗ್ ಮಾಡಿಸಬಹುದು," ಎಂದರು ಮಾವ.

"ಎಷ್ಟು ಕಡೆ ಅಂತ ಮಾಡಿಸ್ತೀರಿ ಮಾವ. ಮಾಡಿಸೋಕೆ ಕಬ್ಬಿಣ ಉಳಿದಿರಬೇಕಲ್ಲ."

"ಮಾತು ಕೊಟ್ಟಿದೀನಿ. ಇವತ್ತಿನವರೆಗೂ ಕೊಟ್ಟ ಮಾತು ಹಿಂದಕ್ಕೆ ತಗೊಂಡಿಲ್ಲ."

ಬಾಗಿಲಲ್ಲಿ ನಿಂತಿದ್ದ ಮಗ ನಡುವೆ ಬಾಯಿ ಹಾಕಿದ. "ಹೋಗ್ಲಿ ಬಿಡು. ಕೂರೋನು ನಾನು ತಾನೇ. ಕೂತ್ಕೋತೀನಿ."

"ನೀವು ಕೂತ್ಕೊಳ್ಳಿ," ಎಂದಳು ಸೊಸೆ. ಅವಳ ದನಿ ಏರಲಿಲ್ಲ. "ನಾನು ಓಡ್ಸಲ್ಲ."

ಆ ಮನೆಯಲ್ಲಿ ಸೊಸೆಯ ಬಾಯಿಂದ ಅಂಥ ಮಾತು ಬಂದಿರಲಿಲ್ಲ. ಒಲೆಯ ಮೇಲೆ ಹಾಲು ಉಕ್ಕಿದ್ದನ್ನೂ ಯಾರೂ ನೋಡಲಿಲ್ಲ. ಅತ್ತೆ ಬಂದು ಒಲೆ ಆರಿಸಿದರು. ಮಾವ ಗೋಡೆ ಹಿಡಿದು ನಿಂತಿದ್ದರು. ತಮ್ಮ ತಪ್ಪನ್ನು ಒಪ್ಪಲು ಇನ್ನೂ ಒಂದು ಮೆಟ್ಟಿಲು ಬಾಕಿ ಇತ್ತು ಅವರಿಗೆ. ಗಾಡಿ ಹೊತ್ತದ್ದು ಗಾಜಲ್ಲದಿದ್ದರೇನು, ಪಳಗಿದ್ದಂತೂ ನಿಜ, ಆ ನಯ ಹೊಸದರಲ್ಲಿ ಸಿಗುವುದಿಲ್ಲ. ಒಂದು ಹಾಳೆ ಏರಿಸಿ ನೋಡಿದರೆ ನಿಮಗೇ ತಿಳಿಯುತ್ತದೆ ಎಂದರು. ಗಾಡಿಯಲ್ಲಿ ಬೇರೆ ಭಾರವಿಲ್ಲ, ಒಂದೇ ಹಗುರ ಹಾಳೆ, ಆಳು ನಡೆಯುವ ವೇಗ, ಸಂತೆಬೀದಿಯ ಕೊನೆಯವರೆಗೆ ಮಾತ್ರ ಎಂದು ಸೊಸೆ ಒಪ್ಪಿದಳು.

ಮೂಲೆ ಬಿರುಕುಬಿಟ್ಟ ಒಂದು ಹಳೆಯ ಹಾಳೆಯನ್ನು ತಾತ್ಕಾಲಿಕ ಚೌಕಟ್ಟಿಗೆ ಒರಗಿಸಿ ಬೇಕೆಂದೇ ಸಡಿಲವಾಗಿ ಕಟ್ಟಿದರು, ಅಲುಗಿದರೆ ಸದ್ದಾಗಲಿ ಎಂದು. ಮಗ ಹಿಂದೆ ಕೂತ. ಮೀನಿನವರು ಓಡಿಸಿದರು, ಸೊಸೆ, ಮಾವ ಪಕ್ಕದಲ್ಲಿ.

ಸಂತೆಬೀದಿ ಆ ಊರಿನಲ್ಲೇ ಕೆಟ್ಟ ರಸ್ತೆ. ಪೈಪು ಹಾಕಲು ಅಗೆದು, ಮುಚ್ಚಿ, ಮತ್ತೆ ಅಗೆದದ್ದು. ಗಾಡಿ ಅದರೊಳಗೆ ಇಳಿಯಿತು. ಸೊಸೆ ಸೀಟಿನ ಅಂಚು ಹಿಡಿದುಕೊಂಡಳು. ಹಿಡಿಯಬೇಕಾಗಿರಲಿಲ್ಲ. ಹಳ್ಳಗಳಿದ್ದವು, ಕಣ್ಣಿಗೆ ಕಾಣುತ್ತಿದ್ದವು, ಆದರೆ ಗಾಡಿ ಅವುಗಳೊಳಗೆ ಬೀಳಲಿಲ್ಲ. ಒಂದೊಂದರ ದಡಕ್ಕೂ ಬಂದು, ಅನುಮತಿ ಕೇಳಿದಂತೆ ತಡೆದು, ಇಳಿದು, ಏರಿತು. ಹಿಂದಿನಿಂದ ಒಂದು ಕಿಣಿ ಎಂಬ ಸದ್ದಿಲ್ಲ. ಮೂವರೂ ಉಸಿರು ಬಿಗಿಹಿಡಿದು ಕೇಳಿದರು. ತರಕಾರಿ ಗಾಡಿಯವನ ಕೂಗು, ಎಲ್ಲೋ ಸುತ್ತಿಗೆಯ ಪೆಟ್ಟು, ಮಕ್ಕಳ ಜಗಳ ಎಲ್ಲವೂ ಕೇಳಿಸಿದವು. ಸಡಿಲ ಕಟ್ಟಿದ ಹಾಳೆ ಮಾತ್ರ ಮಲಗಿದ ಮಗುವಿನಂತೆ ಮೌನವಾಗಿತ್ತು.

"ಮರಿಗಳಿಗೆ ಅಲುಗಾಟ ಆಗಲ್ಲ," ಎಂದರು ಮೀನಿನವರು, ರಸ್ತೆಯಿಂದ ಕಣ್ಣು ತೆಗೆಯದೆ. "ಪೆಟ್ಟು ಬೀಳಬೇಕಿಲ್ಲ. ಹೆದರಿಕೆಗೇ ಸತ್ತುಹೋಗ್ತವೆ. ಅಷ್ಟು ಸಣ್ಣ ಜೀವ."

ಮಾವ ಗೆದ್ದವರಂತೆ ಸೊಸೆಯ ಕಡೆ ತಿರುಗಿದರು. ಗಾಡಿ ಎಂದರೆ ಇದು ಎಂಬ ನೋಟ ಅದು. ಬೀದಿಯ ಕೊನೆಯಲ್ಲಿ ಸೊಸೆ, ವಾಪಸ್ಸು ನಾನು ಓಡಿಸುತ್ತೇನೆ ಎಂದಳು.

ಅದೇ ಗಾಡಿ, ಅದೇ ರಸ್ತೆ, ಅದೇ ಹಾಳೆ. ಮೊದಲ ಹಳ್ಳಕ್ಕೇ ಹಿಂದೆ ಗಾಜು ಚಳಿ ಹಿಡಿದವರ ಹಲ್ಲಿನಂತೆ ಕಟಕಟ ಎಂದಿತು. ಅವಳು ಇನ್ನೂ ಮೆಲ್ಲಗೆ ಹೋದಳು. ಇನ್ನೂ ಜೋರಾಗಿ ಕಟಕಟಿಸಿತು. ಮಗ ತಗಡು ತಟ್ಟಿದ, ಮತ್ತೆ ತಟ್ಟಿದ. ಅವಳ ಕುತ್ತಿಗೆಯ ಮೇಲೆ ಬೆವರು ಇಳಿಯಿತು.

"ನಿಲ್ಸಮ್ಮ," ಎಂದರು ಮಾವ.

ನಿಲ್ಲಿಸಿದಳು. ಮಾವ ಬಗ್ಗಿ ಅವಳ ಪಾದ ನೋಡಿದರು, ಆಮೇಲೆ ಮೀನಿನವರ ಪಾದ ನೋಡಿದರು. ಸವೆದ ಚಪ್ಪಲಿಯೊಳಗಿನ ತೆಳ್ಳಗಿನ ಪಾದ.

"ಗಾಡಿ ಅಲ್ಲ," ಎಂದರು. "ಕಾಲು."

ಸೊಸೆ ಇಂಜಿನ್ ಆರಿಸಿದಳು. ಅವಳಿಗೆ ಬೇರೊಂದು ಹೊಳೆದಿತ್ತು. "ಹಾಗಾದ್ರೆ ನಮ್ಮ ಹಳೇ ಗಾಡೀಲಿ ಇದ್ದಿದ್ದು?"

"ಅದು ಬೇರೆ. ಅದು ಒಳ್ಳೇ ಗಾಡಿ."

"ಅದರ ಸ್ಪ್ರಿಂಗ್ ಪಟ್ಟಿ ಮುರಿದೇ ಎಷ್ಟು ಕಾಲ ಆಗಿತ್ತಂತೆ ಮಾವ. ಮೆಕ್ಯಾನಿಕ್ ತೋರಿಸಿದ. ಇದರ ಮೇಲೆ ಹೆಂಗೆ ಗಾಜು ಹೊತ್ರಿ ಅಂತ ಅವನೇ ಕೇಳ್ದ."

ಮಾವ ತಮ್ಮ ಬಲಗಾಲನ್ನು ಒಮ್ಮೆ ನೋಡಿಕೊಂಡರು, ಯಾರೋ ಪರಿಚಯ ಮಾಡಿಸಿದ ಹೊಸ ಮನುಷ್ಯನನ್ನು ನೋಡುವ ಹಾಗೆ.

ಅಂಗಡಿಯ ಮುಂದೆ ಇಳಿದ ಮೇಲೆ ಅವರು ಮೀನಿನವರ ಎದುರು ನಿಂತರು. ಕೊಟ್ಟ ಮಾತು ಹಿಂದಕ್ಕೆ ತೆಗೆದುಕೊಳ್ಳುತ್ತಿದ್ದೇನೆ ಎಂದು ಕೈಮುಗಿದು ಹೇಳಿದರು. ತಮ್ಮ ಮನೆಯ ಮಾತಿನ ವಿಷಯವನ್ನೂ ಹೇಳಿದರು. ಮೀನಿನವರು ಎಲ್ಲವನ್ನೂ ಕೇಳಿ, ಗಾಜಿನ ಹಾಳೆಗಳ ಕಡೆ ಒಮ್ಮೆ ನೋಡಿ, ತಲೆಯಾಡಿಸಿದರು.

"ನೀವು ಮಾತು ಕೊಟ್ಟಿದ್ದು ಗಾಜು ಹೊತ್ತ ಗಾಡಿಗೆ," ಎಂದರು. "ಅಂಥ ಗಾಡಿ ನನ್ನ ಹತ್ರ ಇರಲೇ ಇಲ್ಲ. ಇಲ್ಲದ್ದಕ್ಕೆ ಕೊಟ್ಟ ಮಾತು ಯಾರ ಮೇಲೂ ಇಲ್ಲ ಯಜಮಾನರೇ." ಗಾಡಿಯ ತುಕ್ಕು ತಮಗೂ ಗೊತ್ತು, ಕೇಳಿದ್ದರೆ ಹೇಳುತ್ತಿದ್ದೆ, ಇದನ್ನು ಗುಜರಿಗೇ ಕೊಡುತ್ತೇನೆ ಎಂದರು. ಹೊರಡುವ ಮೊದಲು ಸೊಸೆ, ಆ ಕಾಲು ಹೇಗೆ ಕಲಿತಿರಿ ಎಂದು ಕೇಳಿದಳು. ಬಾಯಿ ತೆರೆದ ತೊಟ್ಟಿಯಲ್ಲಿ ಕಂಠಮಟ್ಟ ನೀರು ತುಂಬಿ ಊರು ಸುತ್ತಿಸಿದರಂತೆ ಅವರಪ್ಪ; ಮನೆಗೆ ಬಂದಾಗ ಉಳಿದಷ್ಟೇ ನೀರಿನಲ್ಲಿ ಅಂದಿನ ಸ್ನಾನ.

ಕೊನೆಗೆ ಶೋರೂಮಿನ ಬಿಳಿಯ ಗಾಡಿಯೇ ಮನೆಗೆ ಬಂತು. ಕಂತಿನ ಮಾತು ಬಂದಾಗ ಅತ್ತೆ, ಇನ್ನು ತುಪ್ಪದ ಡಬ್ಬಿಯನ್ನು ನೋಡಿಕೊಂಡೇ ರೊಟ್ಟಿ ತಿನ್ನೋಣ ಎಂದು ಮುಗಿಸಿದರು. ಗಾಜು ಏರಿಸುವ ಮೊದಲು ಹಿಂಬದಿಯಲ್ಲಿ ಬಟ್ಟೆ ನೆನೆಸುವ ದೊಡ್ಡ ಟಬ್ಬನ್ನಿಟ್ಟು ನೀರು ತುಂಬಿದರು. ಪಕ್ಕದಲ್ಲಿ ಮಗ, ಮುಂದೆ ಸ್ಟಿಯರಿಂಗ್ ಹಿಡಿದು ಸಂತೆಬೀದಿ ಸುತ್ತುವವಳು ಸೊಸೆ. ಮೊದಲ ದಿನ ಅವನು ಕಾಲುವೆಯಿಂದ ಎದ್ದು ಬಂದವನಂತೆ ಇಳಿದ. ಟಬ್ಬಿನ ತಳದಲ್ಲಿ ಒಂದು ಚೊಂಬು ಉಳಿದಿತ್ತು.

ಬೀದಿಯವರು ಬಾಗಿಲಿಗೆ ಬಂದು ನಿಲ್ಲತೊಡಗಿದರು. "ಸ್ನಾನ ಆಯ್ತಾ?" ಎಂದು ಎದುರಂಗಡಿಯ ದರ್ಜಿ ಕೇಳುತ್ತಿದ್ದ. "ಇನ್ನೊಂದು ಸುತ್ತು ಇದೆ, ಸೋಪು ಕೊಡಿ," ಎನ್ನುತ್ತಿದ್ದ ಮಗ.

ಟಬ್ಬಿನ ನೀರನ್ನು ಅತ್ತೆ ದಂಡ ಮಾಡಗೊಡಲಿಲ್ಲ. ಉಳಿದು ಬಂದದ್ದರಲ್ಲೇ ಮನೆಗೆಲಸ. ಇವತ್ತಿನದು ಲೋಟ ತೊಳೆಯಲು ಸಾಕು, ಇವತ್ತಿನದು ಪಾತ್ರೆಗೆಲ್ಲ ಸಾಕು, ನೆಲ ಒರೆಸಲು ಸಾಲದು ಎಂದು ಅವರು ತೀರ್ಪು ಕೊಡುತ್ತಿದ್ದರು. ಸೊಸೆಗೆ ಅದೇ ಅಂಕಪಟ್ಟಿ.

ಪಕ್ಕದಲ್ಲಿ ಕೂತು ಹೇಳಿಕೊಡಬೇಕಾದ ಮಾವನ ಪಾಡೇ ಬೇರೆ. ತಮ್ಮ ಕಾಲು ಏನು ಮಾಡುತ್ತಿತ್ತು ಎಂಬುದು ಅವರಿಗೇ ಗೊತ್ತಿರಲಿಲ್ಲ. ಹಳ್ಳ ಬಂದಾಗ ಬ್ರೇಕೇ, ಕ್ಲಚ್ಚೇ, ಎಷ್ಟು ಮೊದಲು, ಎಂದು ಸೊಸೆ ಕೇಳಿದರೆ ಉತ್ತರ ಬಾಯಿಗೆ ಬರುತ್ತಿರಲಿಲ್ಲ. ಊಟಕ್ಕೆ ಕೂತಾಗ ಕಣ್ಣು ಮುಚ್ಚಿ ಮೇಜಿನ ಕೆಳಗೆ ಕಾಲಾಡಿಸುತ್ತಿದ್ದರು.

"ಊಟ ಮಾಡ್ತೀರೋ ಗಾಡಿ ಓಡಿಸ್ತೀರೋ," ಎಂದರು ಅತ್ತೆ.

"ಇರೇ. ಸಂತೆಬೀದಿಗೆ ಬಂದಿದೀನಿ." ಆಮೇಲೆ ಕಣ್ಣು ತೆರೆದು ಸೊಸೆಯನ್ನು ಕರೆದರು. "ಹಳ್ಳದ ಒಳಗೆ ಬ್ರೇಕ್ ಇಲ್ಲಮ್ಮ. ದಡದಲ್ಲೇ ಮುಗಿದಿರತ್ತೆ. ಇಳಿಯೋವಾಗ ಕಾಲು ಮೇಲೆ ಬರತ್ತೆ. ಈಗ ಗೊತ್ತಾಯ್ತು." ಇಷ್ಟು ವರ್ಷ ತಮ್ಮೊಳಗೇ ಇದ್ದ ಒಂದು ಸಂಗತಿ ಈಗ ಸಿಕ್ಕಿದ್ದಕ್ಕೆ ಅವರು ಅನ್ನ ಆರಿದ್ದನ್ನೂ ಮರೆತು ಕಾಲನ್ನು ಮತ್ತೆ ಮತ್ತೆ ಎತ್ತಿ ನೋಡಿದರು.

ವಾರಗಳು ಕಳೆದವು. ಒಂದು ದಿನ ಟಬ್ಬಿನ ನೀರಿನಲ್ಲಿ ಪಾತ್ರೆ, ನೆಲ, ಬಟ್ಟೆ ಎಲ್ಲ ಆಗಿ, ಗುಬ್ಬಿ ತಲೆ ತೊಳೆದುಕೊಳ್ಳುವಷ್ಟು ಉಳಿಯಿತು. ಮಗ ಒಣ ಅಂಗಿಯಲ್ಲಿ ಇಳಿದು ಬಂದ. ದರ್ಜಿ ಏನೂ ಕೇಳದೆ ಒಳಗೆ ಹೋದ.

ಅದಾದ ಮೇಲೆ ಬಂದ ಮೊದಲ ದೊಡ್ಡ ಕೆಲಸ, ಹೊಸದಾಗಿ ಕಟ್ಟಿದ ನೃತ್ಯಶಾಲೆಯ ಗೋಡೆಗೆ ಕನ್ನಡಿ. ಅಷ್ಟು ದೊಡ್ಡ ಕನ್ನಡಿ ಆ ಅಂಗಡಿಯಿಂದ ಹೋಗಿರಲಿಲ್ಲ. ಗೋಡೆಯ ಮಟ್ಟ ನೋಡಿ ಕೊಂಡಿ ಕೂರಿಸಲು ಮಗ ಮುಂದಾಗಿ ಅಲ್ಲಿರಬೇಕಿತ್ತು. ಹಾಗಾದರೆ ಹಿಂದೆ ಯಾರು ಕೂರುವುದು ಎಂಬ ಪ್ರಶ್ನೆ ಬಂತು. ಮಾವ ಅಂಗಿಯ ತೋಳು ಮಡಿಚಿದರು.

ಸೊಸೆ ಬೇಡವೆಂದಳು. ಅತ್ತೆ ಅವಳಿಗಿಂತ ಜೋರಾಗಿ ಬೇಡವೆಂದರು. ಕಣ್ಣು ಮಂದ ಎಂದರು. ಹಿಡಿಯುವುದು ಕೈಯಲ್ಲಿ ತಾನೇ ಎಂದು ಮಾವ ಹತ್ತಿಯೇಬಿಟ್ಟರು. ಹತ್ತಿದ ಮೇಲೆ ಎಲ್ಲಿ ಕೂರುವುದೆಂದು ತಿಳಿಯದೆ ನಿಂತರು.

"ಹೆಂಗೋ ಕೂರೋದು?" ಎಂದು ಮಗನನ್ನು ಕೇಳಿದರು.

ಮಗ ಹತ್ತಿ ಬಂದ. ಅಪ್ಪನನ್ನು ಹಿಂಬದಿಯ ಮೂಲೆಯಲ್ಲಿ ಕೂರಿಸಿ, ಬೆನ್ನು ಇಲ್ಲಿ, ಕಾಲು ಇಲ್ಲಿಗೆ ಊರು, ಎಡಗೈ ಹಗ್ಗಕ್ಕೆ, ಬಲಗೈ ಕನ್ನಡಿಯ ಅಂಚಿಗೆ ಎಂದು ಒಂದೊಂದನ್ನೂ ತೋರಿಸಿಕೊಟ್ಟ. ಆ ಒರಟು ಕೈ ಅಪ್ಪನ ಬೆರಳುಗಳನ್ನು ಬಿಡಿಸಿ ಅಂಚಿನ ಮೇಲೆ ಇಟ್ಟಿತು. "ಒತ್ತಬೇಡ ಅಪ್ಪ. ಬರೀ ಜೊತೆಗಿರು." ಅಷ್ಟು ಹೇಳಿ ಅವನು ಬೈಕಿನಲ್ಲಿ ಮುಂದೆ ಹೊರಟ.

ಗಾಡಿ ಹೊರಟಿತು. ಕನ್ನಡಿಯ ಮುಖ ಬೀದಿಯ ಕಡೆಗಿತ್ತು. ಮೂಲೆಯಲ್ಲಿ ಕೂತವರಿಗೆ ಅದು ಓರೆಯಾಗಿ ಕಾಣುತ್ತಿತ್ತು. ಮೊದಲು ಅದರಲ್ಲಿ ಬರೀ ಬೆಳಕಿತ್ತು. ಆಮೇಲೆ ಆಕಾಶ ಬಂತು, ಇಡೀ ಆಕಾಶ, ಮೋಡಗಳ ಸಮೇತ ಗಾಡಿಯ ಮೇಲೆ ಏರಿ ಕೂತಿತ್ತು. ಮನೆಗಳು ಒಂದೊಂದಾಗಿ ಒಳಗೆ ಬಂದು, ಹಾದು, ಹೊರಗೆ ಹೋದವು. ಬಟ್ಟೆ ಒಣಹಾಕಿದ ಮಹಡಿಗಳು, ಕಿಟಕಿಗಳು. ಆ ಕಿಟಕಿಗಳಲ್ಲಿ ಎಷ್ಟೋ ಗಾಜುಗಳು ಅವರೇ ಕೊಯ್ದು ಕೂರಿಸಿದವು. ದರ್ಜಿ ಹೊಲಿಗೆ ನಿಲ್ಲಿಸಿ ಎದ್ದು ನಿಂತದ್ದು ಕನ್ನಡಿಯೊಳಗೂ ನಡೆಯಿತು. ತರಕಾರಿ ಕೊಳ್ಳುತ್ತಿದ್ದ ಹೆಂಗಸೊಬ್ಬಳು ತನ್ನ ಬಿಂಬ ಹಾದುಹೋಗುವಷ್ಟರಲ್ಲಿ ಕೂದಲು ಸರಿಮಾಡಿಕೊಂಡಳು. ಶಾಲೆಯ ಮಕ್ಕಳು ತಮ್ಮನ್ನೇ ಹಿಡಿಯಲು ಗಾಡಿಯ ಪಕ್ಕ ಓಡಿದರು. ಒಂದು ನಾಯಿ ಇನ್ನೊಂದು ನಾಯಿಗೆ ಬೊಗಳಿ, ಅದು ಹೊರಟುಹೋದದ್ದು ಕಂಡು ಪೆಚ್ಚಾಗಿ ನಿಂತಿತು. ಗಾರೆ ಕೆಲಸದವರು ಏಣಿಯ ಮೇಲಿಂದ, ಚಹಾದಂಗಡಿಯವರು ಬೆಂಚಿನಿಂದ, ನಡೆಯುತ್ತಿದ್ದವರು ನಡೆಯುವುದನ್ನು ಬಿಟ್ಟು, ಎಲ್ಲರೂ ತಿರುಗಿ ನೋಡಿದರು. ಯಾರೂ ಕೂಗಲಿಲ್ಲ. ಗಾಡಿ ಹೋದಷ್ಟು ದೂರ ಬೀದಿ ಮೆತ್ತಗಾಗುತ್ತಿತ್ತು. ಸಂತೆಬೀದಿಯ ಹಳ್ಳಗಳು ಬಂದವು, ಹೋದವು. ಮಾವ ತಗಡು ತಟ್ಟಲಿಲ್ಲ.

ನೃತ್ಯಶಾಲೆಯ ಮುಂದೆ ಗಾಡಿ ನಿಂತಿತು. ಸೊಸೆ ಇಳಿದು ಹಿಂದಕ್ಕೆ ಓಡಿ ಬಂದಳು. ಮಾವ ಕೂತಲ್ಲೇ ಇದ್ದರು. ಅವರ ಗಲ್ಲ ಒದ್ದೆಯಾಗಿತ್ತು, ಅದನ್ನು ಅವರು ಗಮನಿಸಿದಂತಿರಲಿಲ್ಲ. ಮಗ ಒಳಗಿನಿಂದ ಕೈ ಒರೆಸಿಕೊಳ್ಳುತ್ತ ಬಂದ.

"ದಿನಾ ಹಿಂಗೇ ಇರತ್ತೇನೋ?" ಎಂದು ಮಾವ ಅವನನ್ನು ಕೇಳಿದರು.

"ಏನು ಅಪ್ಪ?"

"ಇದೆಲ್ಲ. ಆಕಾಶ ಬರೋದು. ಜನ ನಿಲ್ಲೋದು."

"ಕನ್ನಡಿ ಇದ್ದಾಗ ಹಿಂಗೆ. ಬರೀ ಗಾಜಾದ್ರೆ ಇನ್ನೊಂದು ಥರ." ಮಗ ಹಗ್ಗದ ಗಂಟು ಬಿಚ್ಚತೊಡಗಿದ. "ಯಾಕೆ?"

"ಒಂದು ದಿನಾನೂ ಹೇಳಲಿಲ್ಲವಲ್ಲೋ."

"ನಿನಗೆ ಗೊತ್ತಿರತ್ತೆ ಅಂದ್ಕೊಂಡಿದ್ದೆ," ಎಂದ ಮಗ.

ಮಾವ ಅವನ ಮುಖವನ್ನು ಬಹಳ ಹೊತ್ತು ನೋಡಿದರು. ಆಮೇಲೆ ಅವನ ಭುಜ ಹಿಡಿದು ಇಳಿದರು.

ಕನ್ನಡಿ ಗೋಡೆ ಸೇರಿತು. ಮಗ ಕೊನೆಯ ಕೊಂಡಿಗಳ ಕೆಲಸಕ್ಕೆ ಅಲ್ಲೇ ಉಳಿದ. ಖಾಲಿ ಗಾಡಿಯಲ್ಲಿ ಮಾವ, ಸೊಸೆ ಇಬ್ಬರೇ ಮನೆಗೆ ಹೊರಟರು. ಸ್ವಲ್ಪ ದೂರ ಹೋದ ಮೇಲೆ ಅವಳು, ಹಿಂದೆ ಏನು ಕಂಡಿತು ಮಾವ ಎಂದು ಕೇಳಿದಳು.

"ನಿನಗೆ ಕಾಣಲ್ಲಮ್ಮ," ಎಂದರು ಮಾವ. "ಓಡಿಸೋರಿಗೆ ಅದು ಯಾವತ್ತೂ ಕಾಣಲ್ಲ. ನೀನು ರಸ್ತೆ ನೋಡು, ನಾನು ಹೇಳ್ತೀನಿ."

ಅವರು ಮೊದಲ ತಿರುವಿನಿಂದ ಹೇಳಲು ಶುರು ಮಾಡಿದರು. ಗಾಡಿಯಲ್ಲಿ ಭಾರವೇನೂ ಇರಲಿಲ್ಲ, ಹೊತ್ತೂ ಏರಿತ್ತು, ಮನೆಯಲ್ಲಿ ಅಡಿಗೆ ಬಾಕಿಯಿತ್ತು. ಆದರೂ ಸೊಸೆ ಗೇರು ಇಳಿಸಿ, ಒಂದೊಂದು ಹಳ್ಳದ ದಡದಲ್ಲೂ ತಡೆದು, ಮೆಲ್ಲಗೆ ಓಡಿಸಿದಳು.